ಯಾರ ಕೈಯಿಂದ ಬಂತು

ತೆತ್ವಾನ್,
ಕಿತ್ತಳೆ ಹೂ ಬಟ್ಟಿ ಇಳಿಸುವ ಕೆಲಸ ಮುಗಿದ ಮೂರನೇ ವಾರ

ಉಸ್ತಾದ್ ಸಿ ಥಾಮಿಯವರಿಗೆ, ಒಲೆಮನೆಯ ಬತೂಲಳ ಸಲಾಮು.

ನಿಮಗಿಂತ ಮೊದಲು, ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವಳಿಗೆ ಒಂದು ಮಾತು. ನುಹೈಲಾ, ಮಗಳೇ, ಅಜ್ಜನಿಗೆ ಕಣ್ಣು ಹೋದ ಮೇಲೆ ಆ ಮನೆಗೆ ಬರುವ ಕಾಗದಗಳನ್ನೆಲ್ಲ, ಔಷಧದ ಚೀಟಿಯಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ, ಓದಿ ಹೇಳುವವಳು ನೀನೇ ಎಂದು ನಿನ್ನ ಅಮ್ಮ ಹೇಳಿದ್ದಾಳೆ. ಇದನ್ನೂ ನೀನೇ ಓದು. ಗಟ್ಟಿಯಾಗಿ ಓದು, ಸಾಲು ಹಾರಿಸಬೇಡ. ನಡುವೆ ಅಜ್ಜ 'ಸಾಕು, ಮಡಚಿಡು' ಎಂದರೆ ಕೇಳಬೇಡ. ಎದ್ದು ಅಂಗಳಕ್ಕೆ ಹೋಗಿ ಅಲ್ಲಿ ನಿಂತು ಓದಿ ಮುಗಿಸು. ಅವರ ಕಿವಿ ಇನ್ನೂ ಚುರುಕಾಗಿದೆ, ಅಲ್ಲಿಂದಲೂ ಕೇಳಿಸುತ್ತದೆ.

ಇನ್ನು ನಿಮ್ಮ ಮಾತು, ಉಸ್ತಾದರೇ. ಮೂವತ್ತೆಂಟು ವರ್ಷ ನಾನು ನಿಮಗೆ ಒಂದು ಸಾಲು ಬರೆದವಳಲ್ಲ. ಬೀದಿಯಲ್ಲಿ ಎದುರಾದರೆ ನೀವು ಆ ಕಡೆಯ ಗೋಡೆ ನೋಡುತ್ತಿದ್ದಿರಿ, ನಾನು ಈ ಕಡೆಯ ಗೋಡೆ ನೋಡುತ್ತಿದ್ದೆ. ಈ ಊರಿನ ಗೋಡೆಗಳಿಗೆಲ್ಲ ಬರೀ ಬಿಳಿ ಸುಣ್ಣ, ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆದರೂ ಇಬ್ಬರೂ ಬಿಡದೆ ನೋಡಿದೆವು.

ನಾನು ನಿಮ್ಮ ಮನೆಗೆ ಬಂದಾಗ ನನಗೆ ಒಂಬತ್ತು. ಅಪ್ಪ ನಿಮ್ಮ ಓಣಿಯ ಒಲೆಮನೆಯವನು. ಬೆಳಿಗ್ಗೆ ಎಲ್ಲ ಮನೆಯವರು ನಾದಿದ ಹಿಟ್ಟನ್ನು ಹಲಗೆಯ ಮೇಲಿಟ್ಟು ಕಳಿಸುತ್ತಿದ್ದರು, ಮಧ್ಯಾಹ್ನಕ್ಕೆ ರೊಟ್ಟಿಯಾಗಿ ಹಿಂದಿರುಗುತ್ತಿತ್ತು. ಯಾವ ರೊಟ್ಟಿ ಯಾರದೆಂದು ಅಪ್ಪ ಕೇಳಿದ್ದೇ ಇಲ್ಲ. ಹಿಟ್ಟಿನ ಮೇಲೆ ಹೆಬ್ಬೆರಳು ಒತ್ತಿದ ಗುರುತು ನೋಡಿಯೇ ಇದು ಇಂಥವರ ಹೆಂಡತಿಯದು, ಇದು ಇಂಥವರ ಸೊಸೆಯದು ಎನ್ನುತ್ತಿದ್ದ. ನಿಮ್ಮ ಮನೆಯ ಹಲಗೆಯನ್ನು ಒಲೆಯ ಎಡಮೂಲೆಯಲ್ಲಿ ಇಡುತ್ತಿದ್ದ, ಅಲ್ಲಿ ಶಾಖ ಒಂದೇ ಸಮ. ನಿಮ್ಮ ಮೇಲೆ ಅವನಿಗೆ ಅಷ್ಟು ಭಕ್ತಿ. ಒಂದು ದಿನ ನಾನು ಹಲಗೆ ತಂದುಕೊಟ್ಟು ನಿಮ್ಮ ಬಾಗಿಲಲ್ಲೇ ನಿಂತು, ಒಳಗೆ ನೀವು ನುಡಿಸುತ್ತಿದ್ದುದನ್ನು ಹಾಗೇ ಬಾಯಲ್ಲಿ ಗುನುಗಿದೆ. ನೀವು ಹೊರಗೆ ಬಂದು, "ಮತ್ತೆ ಹೇಳೇ ಅದನ್ನ," ಎಂದಿರಿ. ಹೇಳಿದೆ. ಅಂದು ಸಂಜೆಯೇ ಅಪ್ಪನನ್ನು ಕರೆಸಿ, "ಈ ಕತ್ತೆಗೆ ಒಂದ್ಸಲ ಕೇಳಿದ್ರೆ ಸಾಕು ಕಣಯ್ಯಾ, ನಂಗೆ ಬಿಟ್ಟುಕೊಡು," ಎಂದಿರಿ. ಅಪ್ಪ ಆ ಮಾತನ್ನು ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿಕೊಂಡು ತಿರುಗಿದ. ಕತ್ತೆ ಎಂದದ್ದನ್ನೂ ಸೇರಿಸಿಯೇ ಹೇಳುತ್ತಿದ್ದ.

ಪಿಟೀಲನ್ನು ಮಂಡಿಯ ಮೇಲೆ ನೆಟ್ಟಗೆ ನಿಲ್ಲಿಸಿ ನುಡಿಸುವವರು ನಾವು. ನನ್ನ ಕಾಲು ಗಿಡ್ಡ, ನೆಲಕ್ಕೆ ಎಟುಕುತ್ತಿರಲಿಲ್ಲ. ಅಪ್ಪ ಒಲೆಯ ಹಳೇ ಇಟ್ಟಿಗೆಯೊಂದನ್ನು ಉಜ್ಜಿ ತೊಳೆದು ಕೊಟ್ಟ, ಅದರ ಮೇಲೆ ಪಾದ ಊರಿ ಕಲಿತೆ. ಬರೆದುಕೊಳ್ಳುವ ಹಾಗಿರಲಿಲ್ಲ. ಪೆನ್ಸಿಲ್ ಕಂಡರೆ ನೀವು ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದಿರಿ. ತಪ್ಪಿದರೆ ಕಮಾನಿನ ಕಡ್ಡಿಯಿಂದ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದಿರಿ. ಹೊಡೆದದ್ದಕ್ಕೆ ನನಗೆ ದೂರಿಲ್ಲ. ಆಗ ಎಲ್ಲ ಉಸ್ತಾದರೂ ಹೊಡೆಯುತ್ತಿದ್ದರು.

ನನಗೆ ಹದಿನಾಲ್ಕು ತುಂಬಿದ ಚಳಿಗಾಲದಲ್ಲಿ ನೀವು ಆ ಸಂಜೆಯ ಹಾಡು ಹೇಳಿಕೊಟ್ಟಿರಿ. ಹೇಳಿಕೊಡುವ ಮುಂಚೆ ಎದ್ದು ಹೋಗಿ ಕಿಟಕಿ ಮುಚ್ಚಿದಿರಿ. ಐದು ವರ್ಷದಲ್ಲಿ ನೀವು ಕಿಟಕಿ ಮುಚ್ಚಿದ್ದು ಅದೇ ಮೊದಲು, ಅದಕ್ಕೇ ನೆನಪಿದೆ. ಮೊದಲ ಎರಡು ಸಾಲು ಎಲ್ಲರೂ ನುಡಿಸುವ ಹಾಗೇ ಇತ್ತು. ಮೂರನೆಯದರಲ್ಲಿ ಹಾಡಿನ ಮಾತು 'ಸೂರ್ಯ ಇಳಿಯಿತು' ಎನ್ನುತ್ತದೆ, ನೀವು ಮಾತ್ರ ಸ್ವರವನ್ನು ಮೇಲಕ್ಕೆ ಹತ್ತಿಸಿದಿರಿ. ಹತ್ತಿ, ಮೂರು ಎಣಿಕೆ ಅಲ್ಲೇ ಕೂತು, ಪಕ್ಕದ ತಂತಿಗೆ ದಾಟಿ, ಏನೂ ಆಗಿಲ್ಲವೆಂಬಂತೆ ನಾಲ್ಕನೆಯ ಸಾಲಿಗೆ ಬಂದು ಸೇರಿದಿರಿ. ಸೂರ್ಯ ಇಳಿಯುವಾಗ ಪಿಟೀಲು ಯಾಕೆ ಹತ್ತುತ್ತದೆ ಎಂದು ಕೇಳಿದೆ. "ಪ್ರಶ್ನೆ ಎಲ್ಲಾ ಮದುವೆ ದಲ್ಲಾಳಿಗೆ ಕೇಳು. ನಾನು ಹೇಳ್ಕೊಟ್ಟಿದ್ದನ್ನ ನುಡಿಸು," ಎಂದು ಗೆಣ್ಣಿಗೆ ಒಂದು ಬಿಟ್ಟಿರಿ. ನುಡಿಸಿದೆ. ನೀವು ಕಣ್ಣು ಮುಚ್ಚಿ ಇನ್ನೊಮ್ಮೆ ಎಂದಿರಿ. ಆ ಸಾಲೊಂದನ್ನೇ ಅಂದು ಹನ್ನೊಂದು ಸಲ ನುಡಿಸಿಸಿದಿರಿ, ಉಸ್ತಾದರೇ. ನಾನು ತಪ್ಪುತ್ತಿದ್ದೇನೆ ಎಂದುಕೊಂಡಿದ್ದೆ. ಬಹಳ ವರ್ಷದ ಮೇಲೆ ತಿಳಿಯಿತು, ನಿಮಗೆ ಕೇಳಿ ಕೇಳಿ ಸಾಕಾಗುತ್ತಿರಲಿಲ್ಲ ಅಷ್ಟೇ.

ಆ ವಸಂತದ ಕೂಟ ನಿಮಗೆ ಮರೆತಿರಲಿಕ್ಕಿಲ್ಲ. ಈಗಲೂ ಅದೇ ಅಂಗಳ, ಅದೇ ಕ್ರಮ. ಊರೂರಿನ ಪಿಟೀಲು ಉಸ್ತಾದರು ಅರ್ಧಚಂದ್ರಾಕಾರವಾಗಿ ಕೂರುತ್ತಾರೆ. ನಡುವೆ ಗಿಡ್ಡ ಪೀಠದ ಮೇಲೆ ನುಡಿಸುವ ಮಗು. ಅದರ ಉಸ್ತಾದರು ಬೆನ್ನ ಹಿಂದೆ, ಸನ್ನೆ ಮಾಡಿದರೂ ಕಾಣದ ಹಾಗೆ. ನುಡಿಸಿ ಮುಗಿದ ಮೇಲೆ ಹಿರಿಯರು, ಯಾರ ಕೈಯಿಂದ ಬಂತು ಎಂದು ಕೇಳುತ್ತಾರೆ. ಮಗು ಹೆಸರು ಹೇಳುತ್ತದೆ. ಹಿಂದೆ ಕೂತವರು 'ನನ್ನ ಕೈಯದೇ' ಎಂದು ಮಗುವಿನ ತಲೆಯ ಮೇಲೆ ಅಂಗೈ ಇಡುತ್ತಾರೆ. ಆಮೇಲೆ ಹಿರಿಯರು ಪನ್ನೀರುದಾನಿಯಿಂದ ಹೊಸ ಕಿತ್ತಳೆ ಹೂವಿನ ನೀರು ಚಿಮುಕಿಸಿದರೆ ಮಗು ನಮ್ಮವರ ಸಾಲಿಗೆ ಸೇರಿತು ಎಂದು ಲೆಕ್ಕ. ಅಪ್ಪ ಅಂದು ಒಲೆಗೆ ರಜೆ ಹಾಕಿ, ಮದುವೆಗೆ ಹೊಲಿಸಿದ್ದ ಜಲಾಬ ನಿಲುವಂಗಿ ತೊಟ್ಟುಕೊಂಡು, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದ.

ನಾನು ನುಡಿಸಿದೆ. ಮೂರನೇ ಸಾಲು ಹತ್ತಿಸಿದೆ, ನೀವು ಹೇಳಿಕೊಟ್ಟ ಹಾಗೇ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಚಹಾ ಲೋಟಗಳ ಸದ್ದು ನಿಂತಿತು. ಯಾರೋ ಮೂಗಿನಲ್ಲೇ ನಕ್ಕರು. ಆಗ ಹಿರಿಯರಾಗಿದ್ದ ಸಿ ಅಲ್ಲಾಲ್ ಮುಂದಕ್ಕೆ ಬಾಗಿ, "ಒಲೆಯವನ ಮಗಳೇ, ಈ ಮೂರನೇ ಸಾಲು ಭಾರೀ ಚೆನ್ನಾಗಿದೆಯಲ್ಲಮ್ಮ. ಯಾರ ಕೈಯಿಂದ ಬಂತು?" ಎಂದರು. ಸಿ ಥಾಮಿಯವರ ಕೈಯಿಂದ ಎಂದೆ. ಹೆಮ್ಮೆಯಿಂದಲೇ ಎಂದೆ. ತಲೆ ಸ್ವಲ್ಪ ಬಗ್ಗಿಸಿ ನಿಮ್ಮ ಅಂಗೈಗೆ ಕಾದೆ.

"ನನ್ನ ಕೈಯದಲ್ಲ," ಎಂದಿರಿ ನೀವು. "ನಾನು ಇಳಿಸೋದನ್ನೇ ಹೇಳ್ಕೊಟ್ಟಿದ್ದು. ಒಲೆ ಮುಂದೆ ನಿಂತು ಯಾವ ಮದುವೆ ಮೇಳದವರಿಂದ ಹೆಕ್ಕೊಂಡ್ಳೋ ಏನೋ. ಹಿಟ್ಟಿನ ಹಲಗೆ ಜೊತೆ ಬಂದಿರ್ಬೇಕು."

ಅಂಗಳವೆಲ್ಲ ನಕ್ಕಿತು. ಸಿ ಅಲ್ಲಾಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಏನೂ ಅರ್ಥವಾಗದೆ ಅಪ್ಪನೂ ಚಪ್ಪಲಿಗಳ ನಡುವೆ ನಿಂತು ನಕ್ಕ. ಅದೊಂದನ್ನು ನಾನು ನಿಮಗೆ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ವಿಷಯ ತಿಳಿಯಿತು. ನಾನು ಅತ್ತು, ಆಣೆ ಇಟ್ಟು, ಅವರೇ ಹೇಳಿಕೊಟ್ಟದ್ದು ಅಪ್ಪಾ ಎಂದೆ. "ಅಷ್ಟು ದೊಡ್ಡ ಮನುಷ್ಯ ಮಗೂ ಮೇಲೆ ಸುಳ್ಳು ಹೇಳ್ತಾರೇನೇ? ನೀನೇ ತಪ್ಪು ಕೇಳಿಸ್ಕೊಂಡಿರ್ಬೇಕು," ಎಂದ. ಹೊಡೆಯಲಿಲ್ಲ, ಬೈಯಲಿಲ್ಲ. ಪಿಟೀಲನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ. ಆ ಶಾಖಕ್ಕೆ ತಿಂಗಳೊಳಗೆ ಅಂಟು ಬಿಟ್ಟು, ಹೊಟ್ಟೆ ಸೀಳಿ, ತಂತಿ ಹೊರುವ ಕುದುರೆ ಮುರಿದು ಬಿತ್ತು. ನಿಮ್ಮ ಮನೆಯ ಹಲಗೆ ಮಾತ್ರ ಮರುದಿನವೂ ಎಡಮೂಲೆಯಲ್ಲೇ ಇತ್ತು. ಅದನ್ನು ತಲೆಯ ಮೇಲೆ ಹೊತ್ತು ನಿಮ್ಮ ಬಾಗಿಲಿಗೆ ತಂದವಳು ನಾನೇ. ನೀವೇ ಬಾಗಿಲು ತೆರೆದಿರಿ. ರೊಟ್ಟಿ ತೆಗೆದುಕೊಂಡು ಬಾಗಿಲು ಹಾಕಿಕೊಂಡಿರಿ.

ಎರಡು ವರ್ಷ ನಾನು ಪಿಟೀಲು ಮುಟ್ಟಲಿಲ್ಲ. ಮುಟ್ಟಲು ಬಿಡಲಿಲ್ಲ ಎನ್ನುವುದು ಸುಳ್ಳು, ನನಗೇ ಆಗುತ್ತಿರಲಿಲ್ಲ. ರೇಡಿಯೋದಲ್ಲಿ ಏನಾದರೂ ಕೇಳಿದರೆ ಇದು ನಿಜವಾಗಿಯೂ ಹೀಗಿದೆಯೇ, ನನಗೆ ಹೀಗೆ ಕೇಳಿಸುತ್ತಿದೆಯೇ ಎಂದು ಸಂಶಯ. ಅಮ್ಮ ಕರೆದರೆ ಓಗೊಡುವ ಮುಂಚೆ ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತಿದ್ದೆ. ನನ್ನಲ್ಲಿ ಇದ್ದದ್ದು ಕಿವಿಯೊಂದೇ ಆಗಿತ್ತು, ನೀವು ಅದನ್ನೇ ತೆಗೆದುಕೊಂಡಿರಿ. ಬೆರಳು ಮುರಿದಿದ್ದರೆ ಕೂಡಿಕೊಳ್ಳುತ್ತಿತ್ತು.

ಆಮೇಲೆ ಸಿ ಅಲ್ಲಾಲ್ ಒಲೆಮನೆಗೆ ಬಂದು, "ನಾಳೆಯಿಂದ ನನ್ನ ಮನೆಗೆ ಬಾ," ಎಂದರು. ದಯೆಯಿಂದ ಎಂದುಕೊಂಡಿದ್ದೆ. ಆರು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದಾಗ, ನಾನು ಸೂಪು ಕುಡಿಸುತ್ತಿದ್ದಾಗ, ನಿಜ ಹೊರಬಿತ್ತು. "ನಿನ್ನನ್ನ ಕರ್ಕೊಂಡಿದ್ದು ಥಾಮಿಗೆ ಉರೀಲಿ ಅಂತ ಕಣೇ. ಆ ಸಾಲು ಅವನೇ ಕಟ್ಟಿದ್ದು. ಇಬ್ರೂ ಒಬ್ರ ಹತ್ರಾನೇ ಕಲಿತೋರು, ನಂಗೆ ಗೊತ್ತಿಲ್ವಾ? ಅವನಿಗೆ ಇಳಿಸೋದು ಬರಲ್ಲ ಅಂತಲ್ಲ. ಇದನ್ನ ಬಿಡೋಕೆ ಮನಸ್ಸಿಲ್ಲ, ನಂದು ಅನ್ನೋಕೆ ಧೈರ್ಯ ಇಲ್ಲ. ಮೇಳದಲ್ಲಿ ಕೂತಾಗ ನೋಡು, ಮೂರನೇ ಸಾಲು ಬಂತು ಅಂದ್ರೆ ಅವನ ಪಿಟೀಲಿನ ಬಿರಡೆ ಸಡಿಲ ಆಗುತ್ತೆ!" ಎಂದು ಕೆಮ್ಮು ಬರುವವರೆಗೆ ನಕ್ಕರು. 'ಹಾಗಾದರೆ ಅಂದು ನೀವು ಗೊತ್ತಿದ್ದೂ ಕೇಳಿದಿರಾ' ಎಂದು ಅವರನ್ನು ಕೇಳಿದೆ. "ಗೊತ್ತಿದ್ರಿಂದ್ಲೇ ಕೇಳಿದ್ದು," ಎಂದರು. ಸೂಪಿನ ಬಟ್ಟಲನ್ನು ಅವರ ಕೈಗೆಟುಕದಷ್ಟು ದೂರ ಇಟ್ಟು ಮನೆಗೆ ಬಂದೆ.

ನಿಜವೇ, ನಾನೂ ನೋಡಿದ್ದೆ. ಮೂರನೇ ಸಾಲಿಗೆ ಸರಿಯಾಗಿ ನೀವು ನುಡಿಸುವುದು ಬಿಟ್ಟು ತಂತಿಯ ಬಿರಡೆ ತಿರುಗಿಸುತ್ತೀರಿ, ಇಲ್ಲವೆ ಕಮಾನಿಗೆ ರಾಳ ಉಜ್ಜುತ್ತೀರಿ. ನಮ್ಮಲ್ಲಿ ಕಳ್ಳನನ್ನಾದರೂ ಒಳಗೆ ಕರೆದು ಚಹಾ ಕೊಡುತ್ತಾರೆ, ಹಿರಿಯರ ಹಾಡಿಗೆ ತನ್ನದೊಂದು ಸಾಲು ಸೇರಿಸಿದವನನ್ನು ಹೊಸ್ತಿಲು ದಾಟಿಸುವುದಿಲ್ಲ. ನಿಮಗೆ ಆ ಹೆದರಿಕೆ. ಆದರೆ ನೀವು ಕಟ್ಟಿದ್ದನ್ನು ನಾಲ್ಕು ಜನ ಕೇಳಬೇಕೆಂಬ ಆಸೆಯೂ ಬಿಡಲಿಲ್ಲ. ಅದಕ್ಕೆ ನನ್ನ ಕೈಗೆ ಕೊಟ್ಟು ನಡುಮಧ್ಯೆ ಕೂರಿಸಿದಿರಿ. ಯಾರಾದರೂ ಮನಸಾರೆ ಚೆನ್ನಾಗಿದೆ ಎಂದಿದ್ದರೆ ಅಂಗೈ ಇಡುತ್ತಿದ್ದಿರಿ. ನಕ್ಕರು, ಕೈ ತೊಳೆದುಕೊಂಡಿರಿ.

ಸಿ ಅಲ್ಲಾಲ್ ತೀರಿಹೋದ ಮೇಲೆ ಅವರ ಶಿಷ್ಯೆಯಾದ ನನಗೆ ಕೂಟದ ಹಿರಿತನವೂ, ಯಾರ ಕೈಯಿಂದ ಬಂತು ಎಂದು ಕೇಳುವ ಹಕ್ಕೂ ಬಂತು. ಯಾವ ಮಗು ಯಾವ ಹಾಡು ನುಡಿಸಬೇಕು ಎಂದು ಎರಡು ತಿಂಗಳು ಮೊದಲು ಹೇಳಿ ಕಳಿಸುವವಳೂ ನಾನೇ. ಈ ವರ್ಷ ನಿಮ್ಮ ಮೊಮ್ಮಗಳು ಮೊದಲ ಸಲ ಬರುತ್ತಾಳೆಂದು ತಿಳಿದಾಗ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಸಂಜೆಯ ಹಾಡು ಎಂದು ಹೇಳಿ ಕಳಿಸಿದೆ. ಮಾರನೆಯ ದಿನ ನಿಮ್ಮ ಮಗಳು ಖದ್ದೂಜ್ ಫೋನು ಮಾಡಿ, "ಲಾಲ್ಲಾ ಬತೂಲ್, ಅಪ್ಪ ಬೇರೆ ಹಾಡು ಕೇಳ್ತಿದ್ದಾರೆ," ಎಂದಳು. ಯಾಕಂತೆ ಎಂದೆ. "ಕಾರಣ ಕೇಳಿದ್ರೆ ಬೈತಾರೆ," ಎಂದಳು. ಹಾಗಾದರೆ ಅದೇ ಇರಲಿ ಎಂದು ಫೋನು ಇಟ್ಟೆ. ಆ ದಿನ ನನಗೆ ಊಟ ರುಚಿಸಿತು.

ಎರಡು ತಿಂಗಳು ಸಮಯವಿತ್ತು, ಉಸ್ತಾದರೇ. ಇಳಿಸುವುದನ್ನು ಹೇಳಿಕೊಡಬಹುದಿತ್ತು. ಆದರೆ ಅವಳು ಏಳು ವರ್ಷದವಳಿದ್ದಾಗಲೇ ನೀವು ಹತ್ತಿಸುವುದನ್ನು ಹೇಳಿಕೊಟ್ಟಾಗಿತ್ತಂತೆ. ತಿದ್ದಬೇಕಾದರೆ ಮೊದಲು 'ನಾನು ಹೇಳಿಕೊಟ್ಟದ್ದು ತಪ್ಪು' ಎನ್ನಬೇಕು, ಅದು ನಿಮ್ಮ ಬಾಯಿಗೆ ಬರಲಿಲ್ಲ. ಅಥವಾ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಇನ್ನೊಮ್ಮೆ ಆಸೆಯಾಯಿತೇ? ಈ ಸಲ ಯಾರಾದರೂ ಚೆನ್ನಾಗಿದೆ ಎಂದಾರು ಎಂದುಕೊಂಡಿರಾ?

ಚೆನ್ನಾಗಿತ್ತು. ಅದನ್ನು ಹೇಳಿಬಿಡುತ್ತೇನೆ. ನುಹೈಲಾ ಮೂರನೇ ಸಾಲು ಹತ್ತಿ ಅಲ್ಲಿ ಕೂತಳಲ್ಲ, ಆ ಮೂರು ಎಣಿಕೆಯಲ್ಲಿ ನನಗೆ ಮೈ ಜುಮ್ಮೆಂದಿತು. ನಾನು ನುಡಿಸಿದಾಗಲೂ ಹೀಗೇ ಇತ್ತೇ ಎಂದು ಮೊದಲ ಸಲ ಹೊರಗಿನಿಂದ ಕೇಳಿದೆ. ಹೀಗೇ ಇತ್ತು. ನನ್ನ ಕಿವಿ ಸರಿ ಇತ್ತು. ಫೆಸ್ ಪಟ್ಟಣದಿಂದ ಬಂದ ಇಬ್ಬರು ತರುಣ ಉಸ್ತಾದರು ಮುಖ ಮುಖ ನೋಡಿಕೊಂಡು ನಕ್ಕರು. ಪನ್ನೀರುದಾನಿ ನನ್ನ ಕೈಯಲ್ಲೇ ಇತ್ತು. ಏನೂ ಕೇಳದೆ ಚಿಮುಕಿಸಿಬಿಡಲು ಹಿರಿಯರಿಗೆ ಹಕ್ಕಿದೆ, ಹಾಗೆ ಮಾಡಿದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಪನ್ನೀರುದಾನಿಯನ್ನು ಕೆಳಗಿಟ್ಟೆ. ಬೆಣ್ಣೆಯಂಥ ದನಿ ಮಾಡಿ, "ಯಾರ ಕೈಯಿಂದ ಬಂತಮ್ಮ?" ಎಂದೆ.

"ಅಜ್ಜನ ಕೈಯಿಂದ," ಎಂದಳು, ತಲೆ ಬಗ್ಗಿಸಿದಳು.

ನಿಮ್ಮ ಕಣ್ಣುಗಳು ನನ್ನ ದನಿ ಬಂದ ದಿಕ್ಕಿಗೆ ತಿರುಗಿದವು. ಕೇಳುತ್ತಿರುವವಳು ಯಾರೆಂದು ನಿಮಗೆ ಗೊತ್ತಿತ್ತು. ನಾನು ಯಾವುದಕ್ಕೆ ಕಾಯುತ್ತಿದ್ದೇನೆಂದೂ ಗೊತ್ತಿತ್ತು. ನಿಮ್ಮ ಬಲಗೈ ಮಂಡಿಯಿಂದ ಒಂದು ಗೇಣು ಮೇಲೆದ್ದದ್ದನ್ನು ನಾನು ನೋಡಿದೆ. ಆಮೇಲೆ ಅದು ಹಾಗೇ ಕೆಳಗಿಳಿಯಿತು. "ನನ್ನ ಕೈಯದಲ್ಲ. ಈಗಿನ ಮಕ್ಕಳು, ಫೋನಲ್ಲಿ ಏನೇನೋ ಕೇಳ್ತಾವೆ," ಎಂದಿರಿ. ಅಂಗಳ ನಕ್ಕಿತು. ನಾನೂ ನಕ್ಕೆ. 'ಇದನ್ನು ನನಗೂ ಅವರು ಹೀಗೇ ಹೇಳಿಕೊಟ್ಟದ್ದು' ಎಂಬ ಒಂದು ಮಾತು ಸಾಕಿತ್ತು. ಅದನ್ನು ಹೇಳಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ಬಾದಾಮಿ ಹೋಳಿಗೆ ಬಾಯಿಗೆ ಹಾಕಿಕೊಂಡು ಮುಂದಿನ ಮಗುವನ್ನು ಕರೆದೆ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನೀವು ನನಗೆ ಮಾಡಿದ್ದು ನಿಮ್ಮ ಮನೆಗೂ ಬಂತು, ಆಯಿತು ಎಂದುಕೊಂಡು ತೆಪ್ಪಗಿರುತ್ತಿದ್ದೆ. ಎಂಟು ದಿನದ ಮೇಲೆ ನುಹೈಲಾ ನನ್ನ ಬಾಗಿಲಿಗೆ ಬಂದಳು. ಇದು ನಿಮಗೆ ಗೊತ್ತಿಲ್ಲ. ಬಜಾರಿಗೆ ಪುದೀನ ತರಲು ಹೋಗುತ್ತೇನೆಂದು ಹೇಳಿ ಬಂದಿದ್ದಳು, ಕೈಯಲ್ಲಿ ಪುದೀನದ ಕಟ್ಟು ಇತ್ತು. ಒಳಗೆ ಬಾ ಎಂದರೆ ಬರಲಿಲ್ಲ. "ಲಾಲ್ಲಾ, ಒಂದೇ ಒಂದು ಕೇಳ್ಬೇಕು. ನೀವೂ ಚಿಕ್ಕೋರಿದ್ದಾಗ ಅಜ್ಜನ ಹತ್ರ ಕಲಿತೋರಂತೆ. ಆಗ ಆ ಮೂರನೇ ಸಾಲು ಹತ್ತುತ್ತಿತ್ತಾ?"

ಅವಳು ಹೇಗೆ ನೋಡುತ್ತಿದ್ದಳೆಂದರೆ, ಹೌದು ಎಂದಿದ್ದರೆ ಅಲ್ಲೇ ನನ್ನ ಕಾಲಿಗೆ ಬೀಳುತ್ತಿದ್ದಳೇನೋ. ನಾನು ಅಪ್ಪನನ್ನು ನೆನೆದೆ. ಚಪ್ಪಲಿಗಳ ನಡುವೆ ನಿಂತು ನಕ್ಕವನನ್ನು. ಮಗಳ ಕಿವಿಯೇ ತಪ್ಪೆಂದು ನಂಬಿಕೊಂಡು ಸತ್ತವನನ್ನು.

"ಇಲ್ಲ," ಎಂದೆ. "ಇಳೀತಿತ್ತು."

"ಹಾಗಾದ್ರೆ ನನ್ನ ಕಿವೀನೇ ಸರಿ ಇಲ್ಲ ಅಲ್ವಾ?" ಎಂದಳು. ಅಳಲಿಲ್ಲ. ಪುದೀನದ ಕಟ್ಟನ್ನು ನನ್ನ ಹೊಸ್ತಿಲ ಮೇಲೇ ಮರೆತು ಹೋದಳು. ಅಂದಿನಿಂದ ಪಿಟೀಲು ಮುಟ್ಟಿಲ್ಲವಂತೆ. ಕರೆದರೆ ಎರಡನೇ ಸಲ ಕರೆಯುವವರೆಗೆ ಓಗೊಡುವುದಿಲ್ಲವಂತೆ. ಖದ್ದೂಜ್ ನಿನ್ನೆ ಫೋನಿನಲ್ಲಿ ಇದನ್ನು ಹೇಳಿ, ಕಿವಿಯ ಡಾಕ್ಟರು ಯಾರಾದರೂ ಗೊತ್ತೇ ಎಂದು ಕೇಳಿದಳು. ಆ ಎರಡನೇ ಕರೆ ನನಗೆ ಗೊತ್ತು, ಉಸ್ತಾದರೇ.

ನುಹೈಲಾ, ನಿಲ್ಲಿಸಬೇಡ, ಓದು. ನಿನಗೆ ಇದನ್ನು ನಿನ್ನ ಮುಖ ನೋಡಿ ಹೇಳಬೇಕಿತ್ತು. ಹೇಳದೆ ಪತ್ರ ಬರೆದದ್ದು ಯಾಕೆಂದರೆ ಅಜ್ಜನಿಗೆ ಇದು ನಿನ್ನ ದನಿಯಲ್ಲೇ ಕೇಳಿಸಬೇಕು ಎಂದು. ನಿನ್ನ ಮೇಲಿನ ಕರುಣೆಗಿಂತ ನನಗೆ ಆ ಆಸೆಯೇ ದೊಡ್ಡದಾಯಿತು. ನಾನು ಒಳ್ಳೆಯವಳಲ್ಲ, ನನ್ನ ಹತ್ತಿರ ಕಲಿಯಲು ಬರಬೇಡ. ಆದರೆ ಇಷ್ಟು ತಿಳಿದುಕೋ. ನನಗೂ ಹತ್ತುತ್ತಿತ್ತು. ಕಿಟಕಿ ಮುಚ್ಚಿ, ಹನ್ನೊಂದು ಸಲ. ನಿನ್ನ ಕಿವಿ ಕೇಳಿದ್ದು ಸರಿ, ನಿನ್ನ ಬೆರಳು ನುಡಿಸಿದ್ದು ಸರಿ. ಸುಳ್ಳು ಹೇಳಿದ್ದು ದೊಡ್ಡವರು ಇಬ್ಬರು.

ಉಸ್ತಾದರೇ, ಅರವತ್ತು ವರ್ಷ ಬೇರೆಯವರ ಹಾಡು ನುಡಿಸಿದಿರಿ. ನಿಮ್ಮದು ಅಂತ ಇದ್ದದ್ದು ಆ ಒಂದು ಸಾಲು. ಎರಡು ಸಲ ಅದು ತುಂಬಿದ ಅಂಗಳದಲ್ಲಿ ಎದ್ದು ನಿಂತು ನಿಮ್ಮ ಹೆಸರು ಹೇಳಿತು, ಎರಡು ಸಲವೂ ನೀವು ಗುರುತಿಲ್ಲ ಎಂದಿರಿ. ಅಪ್ಪನಾಗಿದ್ದರೆ ಹೆಬ್ಬೆರಳಿನ ಗುರುತು ನೋಡಿ ರೊಟ್ಟಿಯನ್ನು ನಿಮ್ಮ ಮನೆಗೇ ತಂದುಕೊಡುತ್ತಿದ್ದ. ನಾನೂ ಅದನ್ನೇ ಮಾಡುತ್ತಿದ್ದೇನೆ.

ನುಹೈಲಾ, ಈ ಕಾಗದ ಮಡಚುವ ಮುಂಚೆ ಪಿಟೀಲು ತೆಗೆ. ಅಜ್ಜನಿಗೆ ಬೆನ್ನು ಹಾಕಬೇಡ, ಎದುರಿಗೇ ಕೂರು. ಕಿಟಕಿ ತೆರೆದಿಡು. ಮೂರನೇ ಸಾಲು ಹತ್ತಿಸು, ಮೂರು ಎಣಿಕೆ ಕೂತಿರು. ಆಮೇಲೆ ನೀನೇ ಕೇಳು, ಯಾರ ಕೈಯಿಂದ ಬಂತು ಅಂತ. ಅವರು ಏನಾದರೂ ಹೇಳಲಿ, ಏನೂ ಹೇಳದಿರಲಿ, ಎರಡನೇ ಸಲ ಕೇಳಬೇಡ.

ಮೊನ್ನೆ ನಿಮ್ಮ ಮೊಮ್ಮಗಳಿಗೆ ನಾನು ಮಾಡಿದ್ದು ಯಾರ ಕೈಯಿಂದ ಬಂತು ಎಂದು ನಾಳೆ ದೇವರು ನನ್ನನ್ನೇ ಕೇಳಿದರೆ, ಉಸ್ತಾದರೇ, ಅಲ್ಲಿಯೂ ನಿಮ್ಮ ಹೆಸರನ್ನೇ ಹೇಳುತ್ತೇನೆ. ಅಂದಾದರೂ ಅಂಗೈ ಎತ್ತಿ.

ಕಣ್ಣು ಕೊಂಡೊಯ್ದ ದೇವರು ನಿಮಗೆ ಆಯುಷ್ಯ ಕೊಡಲಿ, ಕೊನೆಯ ದಿನದವರೆಗೂ ಕಿವಿ ಹೀಗೇ ಚುರುಕಾಗಿರಲಿ.

ನಿಮ್ಮ ಕೈಯವಳು,
ಬತೂಲ್